ಹತ್ತು, ಇಪ್ಪತ್ತು, ಇಪ್ಪತ್ಸು: ಜಪಾನಿಯ ‘ಕೂದಲು’ ತಲೆಗೆ ಹತ್ತುವ ಬಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಡಿಸೆಂಬರಿನಲ್ಲಿ ನಡೆಯುವ, ಜಪಾನಿ ಭಾಷೆಯ ಮಟ್ಟ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಗೆ ಎನ್3 ಎಂಬ ನಡುವಿನ ಮಟ್ಟ ಓದುತ್ತಿದ್ದೇನೆ. ಕೂದಲು ಎಂಬ ಅರ್ಥದ ‘ಕಮಿ’ ಕಾಂಜಿ (ಚೀನಾದಿಂದ ಜಪಾನಿಗೆ ಬಂದ ಅಕ್ಷರ) ಮಾತ್ರ ಕೈಗೇ ಸಿಗುತ್ತಿಲ್ಲ. 14 ಗೆರೆ. ಐವತ್ತು ಸಲ ಬರೆದರೂ ಮೂರು ದಿನಕ್ಕೆ ಮರೆತುಹೋಗುತ್ತದೆ. ಕೂದಲಿಗೆ ‘ಕೆ’ ಎಂಬ ನಾಲ್ಕೇ ಗೆರೆಯ ಸುಲಭದ ಅಕ್ಷರ ಇರುವಾಗ ಇದು ಯಾಕೆ ಬೇಕು? ಇದರ ಕೆಳಗೆ ‘ಸ್ನೇಹಿತ’ ಎಂಬ ಅಕ್ಷರ ಯಾಕೆ ಕೂತಿದೆ? ಓದುವುದೂ ಒಂದು ಕಡೆ ಕಮಿ, ಒಂದು ಕಡೆ ಹತ್ಸು, ಇನ್ನೊಂದು ಕಡೆ ಪತ್ಸು. ಏನು ಮಾಡಲಿ?

ಉತ್ತರ:

ಮೊದಲು ಆ ಐವತ್ತು ಸಲ ಬರೆಯುವುದನ್ನು ನಿಲ್ಲಿಸಿ. ನೀವು ಕಟ್ಟಿರುವ ಪರೀಕ್ಷೆಯಲ್ಲಿ ಕೈಯಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ, ಕೊಟ್ಟಿದ್ದರಲ್ಲಿ ಒಂದನ್ನು ಆರಿಸುವುದಷ್ಟೇ. ಹಾಗಂತ ಬರೆಯಲೇಬೇಡಿ ಎಂದಲ್ಲ. ಐದು ಸಲ ಬರೆಯಿರಿ, ಏನು ಬರೆಯುತ್ತಿದ್ದೇನೆ ಎಂದು ಗೊತ್ತಿದ್ದು ಬರೆಯಿರಿ. ಉಳಿದ ನಲವತ್ತೈದು ಸಲ ಬರೀ ಬೆರಳಿಗೆ ವ್ಯಾಯಾಮ.

ಪೆನ್ನು, ಕಾಗದ ತಗೊಳ್ಳಿ. ಅಕ್ಷರವನ್ನು ನಾನು ಇಲ್ಲಿ ಅಚ್ಚು ಹಾಕುತ್ತಿಲ್ಲ, ಬೇಕೆಂದೇ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಬರೆಯುತ್ತಾ ಬನ್ನಿ. ನೋಡಿಕೊಂಡು ನಕಲು ಮಾಡುವಾಗ ಕಣ್ಣು ಎಚ್ಚರವಾಗಿರುತ್ತದೆ, ತಲೆ ತೂಕಡಿಸುತ್ತಿರುತ್ತದೆ.

ಒಂದು ಚೌಕ ಹಾಕಿ. ಮೇಲಿನ ಅರ್ಧದ ಎಡಗಡೆ, ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆ. ಅದಕ್ಕೆ ಅಂಟಿಕೊಂಡು ಬಲಕ್ಕೆ ಮೂರು ಚಿಕ್ಕ ಅಡ್ಡಗೆರೆ, ಬಾಚಣಿಗೆಯ ಹಲ್ಲಿನ ಹಾಗೆ. ಬುಡದಲ್ಲಿ ಎರಡೂ ಕಡೆ ಚಾಚಿದ ಉದ್ದನೆಯ ಅಡ್ಡಗೆರೆ. ಅದರ ಕೆಳಗೆ, ಎಡಕ್ಕೆ ಇಳಿದು ಬಲಕ್ಕೆ ತಿರುಗುವ ಒಂದು ಮುರಿದ ಗೆರೆ. ಅದರ ಕೊನೆಗೆ ಚುಕ್ಕಿಯಂಥ ಒಂದು ಪುಟ್ಟ ಗೆರೆ. ಏಳಾಯಿತು. ಈಗ ಮೇಲಿನ ಬಲಗಡೆ, ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುವ ಮೂರು ಗೆರೆ, ಒಂದರ ಕೆಳಗೊಂದು. ಹತ್ತಾಯಿತು. ಕೆಳಗಿನ ಅರ್ಧಕ್ಕೆ ಬನ್ನಿ. ಒಂದು ಅಡ್ಡಗೆರೆ. ಅದನ್ನು ಸೀಳಿಕೊಂಡು ಎಡಕ್ಕೆ ಇಳಿಯುವ ಓರೆಗೆರೆ. ಅದರ ಕಂಕುಳಲ್ಲಿ, ಸ್ವಲ್ಪ ಅಡ್ಡ ಹೋಗಿ ಎಡಕ್ಕೆ ಮಡಚಿ ಇಳಿಯುವ ಗೆರೆ. ಕೊನೆಗೆ ಅದನ್ನು ಕತ್ತರಿಸುತ್ತಾ ಬಲಕ್ಕೆ ಜಾರುವ ಗೆರೆ. 14.

ಈಗ ನೋಡಿ. ನೀವು ಬರೆದಿದ್ದು 14 ಗೆರೆ ಅಲ್ಲ, ಮೂರೇ ವಸ್ತು. ಎಡಗಡೆಯದು ‘ನಗಾಯಿ’, ಅಂದರೆ ಉದ್ದ ಎನ್ನುವ ಅಕ್ಷರ. ಬಲಗಡೆಯ ಮೂರು ಓರೆಗೆರೆ ಎಳೆಗಳು. ಕೆಳಗೆ ಕೂತಿರುವುದು ‘ತೊಮೊ’, ಸ್ನೇಹಿತ. ಉದ್ದ, ಎಳೆ, ಸ್ನೇಹಿತ. ‘ನಗಾಯಿ’ ಮತ್ತು ‘ತೊಮೊ’ ಎರಡನ್ನೂ ಜಪಾನಿನ ಮಕ್ಕಳು ಎರಡನೇ ಕ್ಲಾಸಿನಲ್ಲೇ ಕಲಿಯುತ್ತಾರೆ. ಇಡೀ ಅಕ್ಷರ ಮಾತ್ರ ಪ್ರಾಥಮಿಕ ಶಾಲೆಯ 1026 ಕಾಂಜಿಗಳ ಪಟ್ಟಿಯಲ್ಲಿ ಇಲ್ಲ, ಮುಂದಿನ ಹಂತದ್ದು. ಅಲ್ಲಿಯ ಮಕ್ಕಳು ಅಷ್ಟು ದಿನ ಉಚ್ಚಾರವನ್ನಷ್ಟೇ ಬರೆಯುವ ಸರಳ ಲಿಪಿ ಹಿರಗನದಲ್ಲಿ ಬರೆದುಕೊಂಡು ಹಾಯಾಗಿರುತ್ತಾರೆ. ನಿಮಗೆ ಕಷ್ಟವಾದರೆ ನಾಚಿಕೆ ಪಡಬೇಕಾಗಿಲ್ಲ.

‘ನಗಾಯಿ’ ಒಂಟಿಯಾಗಿದ್ದಾಗ 8 ಗೆರೆ, ಇಲ್ಲಿ 7. ಕಾಲು ಮಡಚಿಕೊಂಡು ಕೂತಿದೆ. ಇದನ್ನು ಕಂಡು ಗಾಬರಿಯಾಗುವವರು ಬೇರೆಯವರು, ಕನ್ನಡದವರಲ್ಲ. ‘ಅಮ್ಮ’ದಲ್ಲಿರುವ ಮ ಒತ್ತು, ‘ಅತ್ತೆ’ಯ ತ ಒತ್ತು ನೋಡಿ, ಮೂಲ ಅಕ್ಷರದ ಮುಖವೇ ಅಲ್ಲ. ಅರ್ಕಾವತ್ತಂತೂ ಮೊದಲು ಉಚ್ಚರಿಸಿ ಆಮೇಲೆ ಬರೆಯುವುದು. ಜಾಗ ಬದಲಾದರೆ ಅಕ್ಷರ ವೇಷ ಬದಲಿಸುತ್ತದೆ ಎನ್ನುವುದನ್ನು ನಾವು ಆರನೇ ವಯಸ್ಸಿಗೇ ಒಪ್ಪಿಕೊಂಡಿದ್ದೇವೆ. ಕಾಂಜಿಯಲ್ಲೂ ಅಷ್ಟೇ. ಮೇಲೊಂದು, ಕೆಳಗೊಂದು, ಪಕ್ಕಕ್ಕೊಂದು.

ಮೇಲಿನ 10 ಗೆರೆಯ ಭಾಗಕ್ಕೆ ‘ಕಮಿಗಶಿರ’ ಎಂದು ಹೆಸರು. ಇದು ಕೂದಲಿನ ಸಂಸಾರದ ಟೋಪಿ. ದಿನಬಳಕೆಗೆಂದು ಸರ್ಕಾರ ಗುರುತಿಸಿರುವ 2136 ಜೋಯೋ ಕಾಂಜಿಗಳಲ್ಲಿ ಈ ಟೋಪಿ ಹಾಕಿರುವುದು ನಿಮ್ಮ ಈ ಅಕ್ಷರ ಒಂದೇ. ಹಾಗಾಗಿ ಓದುವಾಗ ಈ ಟೋಪಿ ಕಂಡರೆ ಕಣ್ಣು ಮುಚ್ಚಿ ಕೂದಲು ಅನ್ನಬಹುದು, ನೂರಕ್ಕೆ ತೊಂಬತ್ತು ಸಲ ಸರಿಯಾಗುತ್ತದೆ. ಪಟ್ಟಿಯ ಹೊರಗೆ ಇನ್ನೂ ಕೆಲವರು ಇದ್ದಾರೆ. ಕುದುರೆ, ಸಿಂಹಗಳ ಕೇಸರಕ್ಕೆ ‘ತತೆಗಮಿ’. ಗಡ್ಡಮೀಸೆಗೆ ‘ಹಿಗೆ’, ಅದರಲ್ಲೂ ಮೀಸೆಗೆ ಒಂದು ಅಕ್ಷರ, ಗಲ್ಲದ ಗಡ್ಡಕ್ಕೆ ಒಂದು, ಕೆನ್ನೆಯ ಗಡ್ಡಕ್ಕೆ ಇನ್ನೊಂದು, ಮೂರನ್ನೂ ಓದುವುದು ಮಾತ್ರ ‘ಹಿಗೆ’! ನನಗೆ ಇಷ್ಟವಾದದ್ದು ‘ಮಗೆ’. ಸುಮೊ ಕುಸ್ತಿಯವರ ತಲೆ ಮೇಲಿನ ಜುಟ್ಟು. ಅದೇ ಟೋಪಿ, ಕೆಳಗೆ ‘ಬಾಗು’ ಎನ್ನುವ ಅಕ್ಷರ. ಕೂದಲನ್ನು ಬಾಗಿಸಿ ಕಟ್ಟಿದರೆ ಜುಟ್ಟು. ಇದನ್ನು ನೆನಪಿಡಲು ಕಥೆಯೇ ಬೇಡ.

ಈಗ ಆ ಸ್ನೇಹಿತನ ವಿಷಯ. ಜಪಾನಿನಲ್ಲಿ ಕೂದಲಿನ ಔಷಧಿಯ ಒಂದು ಹಳೇ ಜಾಹೀರಾತಿತ್ತು. ‘ಕಮಿ ವ ನಗಾಯಿ ತೊಮೊದಚಿ’, ಕೂದಲು ಬಹುಕಾಲದ ಗೆಳೆಯ. ಅಕ್ಷರವನ್ನು ಬಿಡಿಸಿ ಓದಿದರೆ ಅದೇ ಬರುತ್ತದೆ, ಅಲ್ವಾ? ಉದ್ದ, ಸ್ನೇಹಿತ. ಬೋಳಾಗುತ್ತಿರುವ ಗಂಡಸರ ಎದೆಗೆ ನೇರ ನಾಟಿತು. ಒಂದು ವಯಸ್ಸಿನ ಜಪಾನಿಯರನ್ನು ಕೇಳಿ ನೋಡಿ, ಈ ಕಾಂಜಿ ಹೇಗೆ ಬರೆಯುವುದು ಎಂದರೆ ಈ ಸಾಲನ್ನೇ ಹೇಳಿ ನಗುತ್ತಾರೆ. ನೀವೂ ಇದನ್ನೇ ಬಳಸಿ. ಕನ್ನಡದವರಿಗೆ ಓದುವ ರೀತಿಗೂ ಒಂದು ಆಸರೆ ಇದೆ: ತಲೆಯ ಮೇಲೆ ದಿನೇ ದಿನೇ ಕಮ್ಮಿ ಆಗುವುದೇ ಕಮಿ.

ಆದರೆ ಕಥೆ ಬೇರೆ, ಇತಿಹಾಸ ಬೇರೆ. ಎರಡನ್ನೂ ಇಟ್ಟುಕೊಳ್ಳಿ, ಕಲಸಬೇಡಿ. ಅಲ್ಲಿರುವುದು ನಿಜಕ್ಕೂ ಸ್ನೇಹಿತನಲ್ಲ, ನಾಯಿ. ಹಳೆಯ ರೂಪದಲ್ಲಿ 15 ಗೆರೆ ಇತ್ತು. ಕೆಳಗಿದ್ದದ್ದು ‘ನಾಯಿ’ ಅಕ್ಷರದ ಕಾಲಿಗೆ ಒಂದು ಗೆರೆ ಎಳೆದಂಥ ರೂಪ. ಅದರ ಕೆಲಸ ಅರ್ಥ ಕೊಡುವುದಾಗಿರಲಿಲ್ಲ, ಉಚ್ಚಾರ ತೋರಿಸುವುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್ ಅಕ್ಷರಗಳನ್ನು ಸರಳ ಮಾಡಿತು. 1946ರಲ್ಲಿ ದಿನಬಳಕೆಯ ಕಾಂಜಿಗಳ ಪಟ್ಟಿ ಬಂತು, 1949ರಲ್ಲಿ ಅಕ್ಷರಗಳ ಹೊಸ ರೂಪ ನಿಗದಿಯಾಯಿತು. ಆಗ ಈ ಕಾಲಿಗೆ ಗೆರೆಯ ನಾಯಿಯನ್ನು ತೆಗೆದು, ನೋಡಲು ಹತ್ತಿರವಿದ್ದ, ಒಂದು ಗೆರೆ ಕಡಿಮೆಯ ‘ಸ್ನೇಹಿತ’ನನ್ನು ಕೂರಿಸಿದರು. ತೈವಾನ್, ಹಾಂಗ್‌ಕಾಂಗ್ ಕಡೆ ಇವತ್ತಿಗೂ ಹಳೆಯದೇ ನಡೆಯುತ್ತದೆ.

ಇದು ಸುಮ್ನೆ ತಿಳಿದಿರಲಿ ಎಂದು ಹೇಳಿದ್ದಲ್ಲ. ಅದೇ ನಾಯಿ ಇನ್ನೊಂದು ಅಕ್ಷರದಲ್ಲೂ ಇತ್ತು: ‘ನುಕು’, ಕೀಳು ಎನ್ನುವ ಕ್ರಿಯಾಪದ. ಅಲ್ಲೂ ಈಗ ಸ್ನೇಹಿತ ಕೂತಿದ್ದಾನೆ. ಎಡಗಡೆ ಕೈ, ಬಲಗಡೆ ಸ್ನೇಹಿತ. ಕಾಂಜಿಗೆ ಸಾಮಾನ್ಯವಾಗಿ ಎರಡು ಓದು, ಒಂದು ಜಪಾನಿಯದೇ ಪದ, ಇನ್ನೊಂದು ಚೀನಾದಿಂದ ಬಂದ ದನಿ. ‘ನುಕು’ ಜಪಾನಿಯದು, ಅದನ್ನೇ ಚೀನೀ ಮೂಲದ ರೀತಿಯಲ್ಲಿ ಓದಿದರೆ ‘ಬತ್ಸು’. ನಮ್ಮ ಕೂದಲು ಜಪಾನಿಯ ಓದಿನಲ್ಲಿ ‘ಕಮಿ’, ಚೀನೀ ಮೂಲದ ಓದಿನಲ್ಲಿ ‘ಹತ್ಸು’. ಬತ್ಸು, ಹತ್ಸು. ಒಂದೇ ಮನೆಯ ದನಿ. ಸ್ನಾನದ ಮನೆಯ ಜಾಲರಿಗೆ ಸಿಕ್ಕಿಕೊಳ್ಳುವ ಉದುರಿದ ಕೂದಲಿಗೆ ಜಪಾನಿಯಲ್ಲಿ ‘ನುಕೆಗೆ’ ಎನ್ನುತ್ತಾರೆ. ಅದನ್ನು ಬರೆಯುವುದು ಈ ‘ನುಕು’ವಿನ ಅಕ್ಷರದಿಂದಲೇ. ತಲೆಯ ಮೇಲಿದ್ದರೂ ಸ್ನೇಹಿತ, ಉದುರಿ ಜಾಲರಿಗೆ ಬಿದ್ದರೂ ಸ್ನೇಹಿತ.

ನಿಮ್ಮ ಎರಡನೇ ತಕರಾರು ‘ಕೆ’ ಸಾಲದೇ ಎನ್ನುವುದು. ಸಾಲದು. ಒಂದೇ ಮಾತಿನಲ್ಲಿ ಹೇಳುವುದಾದರೆ, ‘ಕಮಿ’ ತಲೆಗೂದಲು, ‘ಕೆ’ ಮೈಮೇಲೆ ಎಲ್ಲಿ ಬೆಳೆದರೂ ಸರಿ. ಕೈಕಾಲಿನ ರೋಮ, ಬೆಕ್ಕಿನ ತುಪ್ಪಳ, ಕುರಿಯ ಉಣ್ಣೆ ಎಲ್ಲ ‘ಕೆ’ಯೇ. ಸ್ವೆಟರ್ ಹೆಣೆಯುವ ಉಣ್ಣೆದಾರ ‘ಕೆಇತೊ’, ಕಂಬಳಿ ‘ಮೋಫು’, ಎರಡರಲ್ಲೂ ಇದೇ ಅಕ್ಷರ. ಒಬ್ಬ ಹುಡುಗಿಯ ಉದ್ದ ಜಡೆಯನ್ನು ಹೊಗಳಲು ಹೋಗಿ ‘ಕೆ ಗ ನಗಾಯಿ’ ಅಂದರೆ, ಕೇಳಿದವರಿಗೆ ನಾಯಿಮರಿಯ ಮಾತಾಡಿದ ಹಾಗೆ ಕೇಳುತ್ತದೆ. ‘ಕಮಿ ಗ ನಗಾಯಿ’ ಅನ್ನಿ. ನಾವು ‘ಅವಳ ರೋಮ ಎಷ್ಟು ಉದ್ದ!’ ಎನ್ನುತ್ತೇವೆಯೇ?

ಆದರೆ ಇದು ಪೂರಾ ಗೋಡೆಯಲ್ಲ. ತಲೆಗೂದಲಿನದೇ ಒಂದೊಂದು ಎಳೆಯ ಮಾತು ಬಂದಾಗ, ಅದರ ಗುಣದ ಮಾತು ಬಂದಾಗ ‘ಕೆ’ ನುಸುಳುತ್ತದೆ. ತುದಿ ಸೀಳಿದ ಕೂದಲು ‘ಎದಗೆ’, ಅಕ್ಷರಶಃ ಕೊಂಬೆಗೂದಲು. ಗುಂಗುರು ‘ಕುಸೆಗೆ’. ಬಾಚಿ, ಕಟ್ಟಿ, ಕತ್ತರಿಸಿ ರೂಪ ಕೊಡುವ ಮಾತು ಬಂದಾಗ ‘ಕಮಿ’. ಕೂದಲಿನ ಸ್ಟೈಲ್ ‘ಕಮಿಗತ’. ಎರಡೂ ಸೇರಿದ ‘ಕಮಿನೊಕೆ’ ದಿನನಿತ್ಯದ ಮಾತು, ಅನುಮಾನ ಬಂದಾಗ ಇದನ್ನು ಹೇಳಿ, ತಪ್ಪಾಗುವುದಿಲ್ಲ. ಊಟದಲ್ಲಿ ಕೂದಲು ಸಿಕ್ಕರೆ ಹೇಳುವುದೂ ಅದನ್ನೇ.

‘ಕೆ’ ಬರೆಯುವಾಗ ಒಂದು ಹುಷಾರು. ಕೈ ಎನ್ನುವ ‘ತೆ’ಗೂ ನಾಲ್ಕೇ ಗೆರೆ. ಮೇಲಿನ ಮೂರು ಗೆರೆ ಹೆಚ್ಚುಕಡಿಮೆ ಒಂದೇ. ನಡುವಿನ ಉದ್ದ ಗೆರೆಯ ಬಾಲ ಎಡಕ್ಕೆ ಕೊಕ್ಕೆ ಹಾಕಿದರೆ ಕೈ, ಬಲಕ್ಕೆ ಬಾಗಿ ಮೇಲೆದ್ದರೆ ಕೂದಲು. ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಊಟಕ್ಕೆ ಮುಂಚೆ ಕೂದಲು ತೊಳೆಯುತ್ತಾರೆ.

ಈಗ ನನಗೆ ಜಾಸ್ತಿ ಖುಷಿ ಕೊಡುವ ಭಾಗ, ಹತ್ಸು ಮತ್ತು ಪತ್ಸು. ಬೇರೆಯವರು ಇದನ್ನು ಬಾಯಿಪಾಠ ಮಾಡುತ್ತಾರೆ. ನಮಗೆ ಬೇಕಾಗಿಲ್ಲ. ಜೋರಾಗಿ ಹೇಳಿ: ಹತ್ತು. ಇಪ್ಪತ್ತು. ಎಪ್ಪತ್ತು. ಹ ಎಲ್ಲಿ ಹೋಯಿತು? ಅದು ಮೊದಲು ಪ ಆಗಿತ್ತು. ಹಳಗನ್ನಡದ ಪತ್ತು, ಪಾಲು, ಪೊಸ ಎಲ್ಲ ಕಾಲ ಕಳೆದಂತೆ ಹತ್ತು, ಹಾಲು, ಹೊಸ ಆದವು. ಆದರೆ ಇಪ್ಪತ್ತಿನ ಒಳಗೆ ಒತ್ತಿನಲ್ಲಿ ಸಿಕ್ಕಿಕೊಂಡ ಪ ಹಾಗೇ ಉಳಿಯಿತು.

ಜಪಾನಿಯಲ್ಲೂ ಅದೇ ನಡೆದಿದೆ. ಅವರ ಹ ಕೂಡ ಹಿಂದೆ ಪ ಆಗಿತ್ತು. ಚೀನಾದಿಂದ ಈ ಪದ ಬಂದಾಗಲೂ ಶುರುವಿನಲ್ಲಿ ಪ ಇತ್ತು. ಬಿಡಿಯಾಗಿ ಬಂದಾಗ ಹ ಆಯಿತು, ಹಿಂದೆ ಅನುಸ್ವಾರವೋ ಒತ್ತೋ ಬಂದಾಗ ಪ ಉಳಿಯಿತು. ಕೂದಲು ಕತ್ತರಿಸುವ ಅಂಗಡಿ ‘ರಿಹತ್ಸುತೆನ್’. ಅಲ್ಲಿ ಹಿಂದೆ ಸ್ವರ ಇದೆ, ಆದ್ದರಿಂದ ಹ. ಹೊಂಬಣ್ಣದ ಕೂದಲು ‘ಕಿಂಪತ್ಸು’, ಅನುಸ್ವಾರದ ಮುಂದೆ ಪ. ಕ್ಷೌರ ‘ಸಂಪತ್ಸು’. ಒಂದು ಕೂದಲು ‘ಇಪ್ಪತ್ಸು’. ಹತ್ತು, ಇಪ್ಪತ್ತು, ಹತ್ಸು, ಇಪ್ಪತ್ಸು. ಎರಡು ಭಾಷೆಗೂ ನೆಂಟಸ್ತಿಕೆ ಇದೆ ಎಂದು ನಾನು ಹೇಳುತ್ತಿಲ್ಲ. ನಾಲಿಗೆ ಎಲ್ಲ ಕಡೆ ಒಂದೇ ಥರ ಸೋಮಾರಿ, ಅಷ್ಟೆ.

‘ಕಮಿ’ಯ ಕಡೆಗೂ ಇಂಥದೇ ಒಂದು ಅನುಕೂಲ ಇದೆ. ಹಣೆ ಮೇಲೆ ಬೀಳುವ ಮುಂಗೂದಲು ‘ಮಎ’ ಮತ್ತು ‘ಕಮಿ’ ಸೇರಿ ‘ಮಎಗಮಿ’. ಕ ಹೋಗಿ ಗ ಬಂತು. ಮಳೆ, ಕಾಲ ಸೇರಿ ಮಳೆಗಾಲ. ಶಾಲೆಯಲ್ಲಿ ಬೈಸಿಕೊಂಡು ಕಲಿತ ಆದೇಶ ಸಂಧಿ ಕೊನೆಗೂ ಕೆಲಸಕ್ಕೆ ಬಂತು. ಒಂದೇ ವ್ಯತ್ಯಾಸ, ಅವರ ಸಂಧಿ ಎಲ್ಲ ಕಡೆ ಆಗುವುದಿಲ್ಲ. ಕಪ್ಪು ಕೂದಲು ‘ಕುರೊಕಮಿ’ಯಾಗಿಯೇ ಉಳಿಯುತ್ತದೆ.

‘ಸಂಪತ್ಸು’ ಬಗ್ಗೆ ಒಂದು ಮಾತು. ಅಕ್ಷರದ ಪ್ರಕಾರ ಅದು ಕೆದರಿದ, ಕಟ್ಟದ ಕೂದಲು. ಸಮುರಾಯಿಗಳು ತಲೆಯ ಮುಂಭಾಗ ಬೋಳಿಸಿ ಹಿಂದೆ ಜುಟ್ಟು ಕಟ್ಟುತ್ತಿದ್ದರು. 1871ರಲ್ಲಿ ಮೇಜಿ ಸರ್ಕಾರ, ಜುಟ್ಟು ಬಿಡಬಹುದು, ಕತ್ತಿ ಇಲ್ಲದೆಯೂ ಓಡಾಡಬಹುದು ಎಂದು ಆದೇಶ ಹೊರಡಿಸಿತು. ಜುಟ್ಟು ಹೋಯಿತು, ಪದ ಉಳಿಯಿತು, ಕ್ಷೌರ ಎಂಬ ಅರ್ಥ ಪಡೆಯಿತು. ಒಸಾಕಾ ಕಡೆ ಈಗಲೂ ಕ್ಷೌರದಂಗಡಿಗೆ ‘ಸಂಪತ್ಸುಯ’ ಎನ್ನುತ್ತಾರೆ. ಅಲ್ಲಿಯ ಅಂಗಡಿಗಳ ರೇಟು ನೋಡಿದ ಮೇಲೆ, ಸಂಪತ್ತು ಇದ್ದರಷ್ಟೇ ಸಂಪತ್ಸು ಎಂದು ನಾನು ನೆನಪಿಟ್ಟುಕೊಂಡೆ.

ಹೊರಗುಳಿಯುವುದು ಒಂದೇ ಪದ, ನರೆಗೂದಲು. ಬಿಳಿ, ಕೂದಲು ಎಂಬ ಎರಡು ಅಕ್ಷರ ಬರೆದು ‘ಶಿರಗ’ ಎಂದು ಓದುತ್ತಾರೆ. ಇಲ್ಲಿ ಕಮಿಯೂ ಇಲ್ಲ, ಹತ್ಸುವೂ ಇಲ್ಲ, ಎರಡಕ್ಷರಕ್ಕೂ ಸೇರಿಸಿ ಒಂದೇ ಪದ. ನಮ್ಮ ‘ನರೆ’ಯಲ್ಲೂ ಬಿಳಿ ಇಲ್ಲ, ಕೂದಲಿಲ್ಲ, ನೋಡಿ. ಅವೇ ಅಕ್ಷರಗಳನ್ನು ‘ಹಕುಹತ್ಸು’ ಎಂದೂ ಓದಬಹುದು, ಆಗ ಅದು ಪೂರ್ತಿ ಬೆಳ್ಳಗಾದ ಗಂಭೀರ ತಲೆ. ಇನ್ನೊಂದು ಓದು, ಬೌದ್ಧರದು, ‘ಹೊತ್ಸು’. ಬುದ್ಧನ ವಿಗ್ರಹದ ತಲೆ ಮೇಲೆ ಬಸವನಹುಳುವಿನ ಚಿಪ್ಪಿನಂಥ ಸುರುಳಿಗಳಿರುತ್ತವಲ್ಲ, ಅವು ‘ರಹೊತ್ಸು’. ನಾರಾ ಊರಿನ ತೋದೈಜಿ ದೇವಾಲಯದ ದೊಡ್ಡ ಬುದ್ಧನಿಗೆ ಅವು 966 ಎಂದು ಹಿಂದಿನಿಂದ ಹೇಳುತ್ತಿದ್ದರು. ಲೇಸರ್ ಹಿಡಿದು ಎಣಿಸಿದಾಗ ಸಿಕ್ಕಿದ್ದು 492. ಪರೀಕ್ಷೆಗೆ ಇದು ಬೇಡ, ನಾರಾಗೆ ಹೋದಾಗ ಬೇಕಾಗುತ್ತದೆ.

ಎನ್3 ದಾಟಿದ ಮೇಲೆ ಒಂದು ನುಡಿಗಟ್ಟು ಸಿಗುತ್ತದೆ, ಈಗಲೇ ಕಲಿತುಬಿಡಿ. ‘ಕಿಕಿ ಇಪ್ಪತ್ಸು’. ಗಂಡಾಂತರ, ಒಂದು ಕೂದಲು. ಅಂದರೆ ಕೂದಲೆಳೆಯಲ್ಲಿ ಪಾರಾದ ಹಾಗೆ. ಕನ್ನಡದಲ್ಲಿ ಪೇಪರಿನವರು ದಿನಾ ಬರೆಯುವ ಮಾತೇ. ಜಪಾನಿಯರೇ ಇಲ್ಲಿ ಎಡವುತ್ತಾರೆ. ಗುಂಡು ಹಾರಿಸುವುದಕ್ಕೂ ‘ಹತ್ಸು’ ಎಂಬ ಬೇರೆ ಅಕ್ಷರ ಇದೆ, ಒಂದು ಗುಂಡು ಕೂಡ ‘ಇಪ್ಪತ್ಸು’. ಕೂದಲಿನ ಜಾಗದಲ್ಲಿ ಗುಂಡು ಬರೆದುಬಿಡುತ್ತಾರೆ. 1975ರಿಂದ ಮಾರಾಟದಲ್ಲಿರುವ ಒಂದು ಆಟಿಕೆ ಇದೆ, ಪೀಪಾಯಿಯೊಳಗೆ ಕೂತ ಕರಿಗಡ್ಡದ ಕಡಲ್ಗಳ್ಳನಿಗೆ ಒಬ್ಬೊಬ್ಬರಾಗಿ ಕತ್ತಿ ಚುಚ್ಚುವುದು, ತಪ್ಪು ತೂತಿಗೆ ಚುಚ್ಚಿದರೆ ಅವನು ಟಣ್ಣನೆ ಹಾರುತ್ತಾನೆ. ಅದರ ಹೆಸರಿನಲ್ಲೇ ಗುಂಡಿನ ‘ಇಪ್ಪತ್ಸು’ ಇದೆ. ಮಕ್ಕಳು ಅದನ್ನೇ ನೋಡಿ ಬೆಳೆದರೆ ಮೇಷ್ಟ್ರು ಏನು ಮಾಡಬೇಕು? ಚೀನಾ ಮುಖ್ಯಭೂಮಿಯವರು ಅಕ್ಷರ ಸರಳ ಮಾಡುವಾಗ ಜಗಳವನ್ನೇ ಮುಗಿಸಿದರು, ಕೂದಲಿಗೂ ಗುಂಡು ಹಾರಿಸುವ ಆ ‘ಹತ್ಸು’ವಿಗೂ ಐದು ಗೆರೆಯ ಒಂದೇ ಅಕ್ಷರ. ನಿಮ್ಮ ಜೊತೆ ಚೀನೀ ಸಹೋದ್ಯೋಗಿಗಳಿದ್ದರೆ ಅವರ ಬರಹದಲ್ಲಿ ಕಮಿಗಶಿರ ಹುಡುಕಬೇಡಿ.

ಇನ್ನು ಮೊಬೈಲಿನಲ್ಲಿ ಟೈಪ್ ಮಾಡುವಾಗಿನ ಗೋಳು. ‘ಕಮಿ’ ಎಂದು ಹೊಡೆದರೆ ದೇವರು, ಕಾಗದ, ಕೂದಲು ಮೂರೂ ಸಾಲಾಗಿ ಬರುತ್ತವೆ. ಮಾತಿನಲ್ಲಿ ದೇವರನ್ನು ಬೇರೆ ಮಾಡಬಹುದು, ಟೋಕಿಯೋ ಉಚ್ಚಾರದಲ್ಲಿ ದೇವರಿಗೆ ದನಿ ಮೊದಲ ಅಕ್ಷರದಲ್ಲಿ ಏರುತ್ತದೆ, ಕೂದಲಿಗೆ ಎರಡನೆಯದರಲ್ಲಿ. ಕಾಗದ ಮತ್ತು ಕೂದಲು ಮಾತ್ರ ಕಿವಿಗೆ ಒಂದೇ. ನಾನು ಒಸಾಕಾದಲ್ಲಿ ಹೊಸಬನಾಗಿದ್ದಾಗ ಸಹೋದ್ಯೋಗಿಯೊಬ್ಬರಿಗೆ ‘ನಿನ್ನೆ ಕೂದಲು ಕತ್ತರಿಸಿದೆ’ ಎಂದು ಮೆಸೇಜ್ ಕಳಿಸಿದೆ. ಅವಸರದಲ್ಲಿ ಮೊದಲು ಬಂದದ್ದನ್ನು ಒತ್ತಿಬಿಟ್ಟಿದ್ದೆ. ಅವರು ತಿರುಗಿ ಕೇಳಿದರು: ‘ಯಾವ ದೇವರನ್ನು?’

ಅದೇ ವಾಕ್ಯದಲ್ಲಿ ನಮ್ಮವರು ಮಾಡುವ ಇನ್ನೊಂದು ತಪ್ಪಿದೆ. ಕನ್ನಡದಲ್ಲಿ ‘ಕಟಿಂಗ್ ಮಾಡಿಸಿದೆ’ ಅನ್ನುತ್ತೇವೆ. ಆ ‘ಇಸು’ವನ್ನು ಹಾಗೇ ಜಪಾನಿಗೆ ಎತ್ತಿಕೊಂಡು ಹೋಗಿ ‘ಕಮಿ ವೊ ಕಿರಸೆಮಶಿತ’ ಅನ್ನಬೇಡಿ. ಯಾರನ್ನೋ ಗದರಿಸಿ ಅವರ ಕೈಲಿ ಕೂದಲು ಕತ್ತರಿಸಿದ ಹಾಗೆ ಕೇಳುತ್ತದೆ. ಕತ್ತರಿ ಹಿಡಿದವರು ಯಾರೇ ಆಗಿರಲಿ, ‘ಕಮಿ ವೊ ಕಿರಿಮಶಿತ’ ಸಾಕು. ಬೇರೆಯವರ ಕೈಲಿ ಕತ್ತರಿಸಿಕೊಂಡೆ ಎನ್ನಲೇಬೇಕಿದ್ದರೆ ‘ಕಿತ್ತೆ ಮೊರಾಯಿಮಶಿತ’.

ಕೊನೆಗೆ, ವಾರದ ಕೆಲಸ. ಇವತ್ತು ಐದು ಸಲ ಬರೆಯಿರಿ, ಪ್ರತಿ ಸಲ ಬಾಯಲ್ಲಿ ‘ಉದ್ದ, ಎಳೆ, ಸ್ನೇಹಿತ’ ಅನ್ನುತ್ತಾ. ನಾಳೆ ನೋಡದೆ ಒಂದು ಸಲ. ಆಮೇಲೆ ಒಂಟಿ ಅಕ್ಷರ ಬರೆಯಲೇಬೇಡಿ, ಪದ ಬರೆಯಿರಿ: ಕಮಿನೊಕೆ, ಮಎಗಮಿ, ಸಂಪತ್ಸು, ಶಿರಗ. ನಾಲ್ಕು ಪದದಲ್ಲಿ ಓದಿನ ಎಲ್ಲ ಮುಖಗಳೂ ಬಂದವು. ಮೂರು ದಿನ ಬಿಟ್ಟು, ಆಮೇಲೆ ಒಂದು ವಾರ ಬಿಟ್ಟು ಅವೇ ನಾಲ್ಕನ್ನು ಮತ್ತೆ ಬರೆದು ನೋಡಿ. ಮರೆತಿದ್ದರೆ ಯಾವ ಭಾಗ ಮರೆತಿರಿ ಎಂದು ನೋಡಿ. ನನ್ನ ಅನುಭವದಲ್ಲಿ ಎಲ್ಲರೂ ಮರೆಯುವುದು ಆ ಮೂರು ಓರೆಗೆರೆಯನ್ನು. ಕೂದಲಿನ ಅಕ್ಷರದಲ್ಲಿ ಕೂದಲನ್ನೇ ಬಿಟ್ಟಿರುತ್ತಾರೆ.

ಅಷ್ಟಾದ ಮೇಲೆ ಯಾವುದಾದರೂ ಜಪಾನಿ ಹೋಟೆಲ್ಲಿಗೆ ಹೋದಾಗ ರಾಮೆನ್ ಮೆನುವಿನ ಜಪಾನಿ ಅಕ್ಷರಗಳ ಮೇಲೆ ಕಣ್ಣಾಡಿಸಿ. ‘ಶಿರಗ ನೆಗಿ’ ಕಂಡರೆ ಹೆದರಬೇಡಿ. ನೆಗಿ ಎಂಬ ಉದ್ದನೆಯ ಈರುಳ್ಳಿಯ ಬಿಳಿ ಭಾಗವನ್ನು ಎಳೆ ಎಳೆಯಾಗಿ ಹೆಚ್ಚಿ, ನೀರಿಗೆ ಹಾಕಿ ಗುಂಗುರು ಮಾಡಿ, ಬಟ್ಟಲಿನ ಮೇಲೆ ಗುಡ್ಡೆ ಹಾಕಿರುತ್ತಾರೆ. ನರೆಗೂದಲಿನ ಹಾಗೇ ಕಾಣುತ್ತದೆ, ಚೆನ್ನಾಗಿರುತ್ತದೆ.